ದುಂಡು ಯಾವ ಬಣ್ಣದಾಗ ಇರ್ತದ

ಪಟ್ಟಿ ಬಿಚ್ಚಿ ಹನ್ನೊಂದು ದಿನ.
ಮೌಲಪ್ಪನ ಮುಂದೆ ಮೇಜಿನ ಮೇಲೆ
ಒಂದು ರಬ್ಬರ್ ಚೆಂಡು,
ಚೌಕ ಕತ್ತರಿಸಿದ ಬಟ್ಟೆ ಸಾಬೂನಿನ ತುಂಡು.

ಮುನ್ನೂರು ವರ್ಷದಿಂದ ಪಂಡಿತರು ಕಿತ್ತಾಡಿದ ಪ್ರಶ್ನೆ
ನನ್ನ ಹೆಗಲಚೀಲದಲ್ಲಿ ಕೂತು ರಾಯಚೂರಿಗೆ ಬಂದಿತ್ತು:
ಹುಟ್ಟಾ ಪೊರೆ ಕವಿದವನಿಗೆ ಇಪ್ಪತ್ತನಾಲ್ಕಕ್ಕೆ ಕಣ್ಣು ಬಂದರೆ
ಮುಟ್ಟಿ ಬಲ್ಲದ್ದನ್ನು
ನೋಡಿ ಬಲ್ಲನೇ?

"ದುಂಡಗಿರೋದು ಯಾವುದು, ಹೇಳು."

ಅವನು ಮೂಗು ಅರಳಿಸಿದ.
"ಸಾಬೂನು ಇಲ್ಲೇ ಎಲ್ಲೋ ಅದರಿ.
ದುಂಡು ಅಂತೀರಲ್ಲ ಮೇಡಂ,
ಅದು ಯಾವ ಬಣ್ಣದಾಗ ಇರ್ತದ?"

ನಮೂನೆಯಲ್ಲಿ 'ತಪ್ಪು' ಎಂದು ಗುರುತು ಹಾಕಿದೆ.
ತಪ್ಪಿಗೆ ಒಂದು ಕಲಂ ಇತ್ತು,
ಅವನ ಪ್ರಶ್ನೆಗೆ ಇರಲಿಲ್ಲ.

ತರಗತಿಯಲ್ಲಿ ನಾನು ಹೇಳಿಕೊಡುವುದು ಹೀಗೆ:
ಕಣ್ಣು ಹರಿದ ಕಾಗದ ತರುವ ಅಂಚೆಯವನು,
ಉಳಿದರ್ಧ ಸಾಲು ಮನಸ್ಸೇ ಬರೆದುಕೊಳ್ಳುತ್ತದೆ.
ಇನ್ನೊಂದು ಪಂಥ ಅಡ್ಡ ಬರುತ್ತದೆ, ಛೆ,
ಯಾರೂ ಏನೂ ಬರೆಯಬೇಕಿಲ್ಲ, ಬೆಳಕಿನಲ್ಲೇ ಎಲ್ಲ ಇದೆ,
ಕಟ್ಟೆ ತಾನೇ 'ಕೂಡು' ಅನ್ನುತ್ತದೆ,
ಮೆಟ್ಟಿಲು 'ಹತ್ತು' ಅನ್ನುತ್ತದೆ.
ಐದು ಅಂಕದ ಟಿಪ್ಪಣಿ.
ಹುಡುಗಿಯರು ಸ್ಕೇಲಿಟ್ಟು ಅಡಿಗೆರೆ ಎಳೆಯುತ್ತಾರೆ.

ಆಸ್ಪತ್ರೆಯ ಮೆಟ್ಟಿಲು ಮೌಲಪ್ಪನಿಗೆ ಏನೂ ಅನ್ನಲಿಲ್ಲ.
ಕಪ್ಪು ಗೆರೆ, ಬಿಳಿ ಗೆರೆ, ಕಪ್ಪು ಗೆರೆ.
ಅಕ್ಕ ಯಂಕಮ್ಮನ ಸೀರೆಯೂ ಹಾಗೇ ಇತ್ತು.
ಕಣ್ಣು ಮುಚ್ಚಿಕೊಂಡ.
ದಡದಡ ಇಳಿದು ಹೋದ.

ಶಕ್ತಿನಗರದ ಬಸ್ಸಿನಲ್ಲಿ
ಕಿಟಕಿಯಾಚೆ ಕೈ ಚಾಚಿ ಏನೋ ಹಿಡಿಯಹೋದ:
"ಅಕ್ಕಾ, ಯಾರೋ ಬೀಡಿ ಸೇದಿ ನಿಲ್ಲಿಸಿ ಹೋಗ್ಯಾರ,
ಇನ್ನೂ ಹೊಗಿ ಬರ್ತದ."
ಯಂಕಮ್ಮ ಕೈಯನ್ನು ಒಳಗೆಳೆದಳು.
"ಅದು ಕರೆಂಟಿನ ಚಿಮಣಿ. ಭಾಳ ದೊಡ್ಡದು. ಭಾಳ ದೂರ."
"ದೂರ ಅಂದ್ರ?"
ಆಕೆ ನನ್ನ ಮುಖ ನೋಡಿದಳು.
ನಾನು ಡಾಕ್ಟರೇಟ್ ಮಾಡಿದ್ದೇ ಅದರಲ್ಲಿ, ದೂರದಲ್ಲಿ.
"ನಡೀಬೇಕಾಗ್ತದ" ಎಂದೆ.
"ಎಷ್ಟೊತ್ತು?"
"ಎರಡು ತಾಸು."
"ಹಂಗನ್ರಿ ಮತ್ತ"
ಎಂದವನು ಆ ಬೀಡಿಯನ್ನು ಇನ್ನೊಮ್ಮೆ ನೋಡಿದ,
ಈ ಸಲ ಬಾಯಿ ತೆರೆದು.

ಗಂಜಿನಲ್ಲಿ ಅವನ ಬೆರಳಿಗೆ ಬೆಲೆಯಿತ್ತು.
ಹತ್ತಿ ಹಿಂಜಿ, ಎಳೆ ಜಗ್ಗಿ, ಉಗುರಿಗೆ ಒತ್ತಿ
"ಇಪ್ಪತ್ತೆಂಟು" ಅಂದರೆ ಇಪ್ಪತ್ತೆಂಟು.
"ಮೂವತ್ತು, ಆದರ ರಾತ್ರಿ ನೀರು ಹೊಡದಾರ" ಅಂದರೆ
ಮಾರುವವನು ತಲೆ ತಗ್ಗಿಸುತ್ತಿದ್ದ.
ಈಗ ರಾಶಿಯ ಮುಂದೆ ನಿಂತಿದ್ದಾನೆ:
ಬಿಳಿ. ಬಿಳಿಯ ಮೇಲೆ ಬಿಳಿ.
ಎಲ್ಲಿ ಅರಳೆ ಮುಗಿಯಿತು, ಎಲ್ಲಿ ಬಿಸಿಲು ಹತ್ತಿಕೊಂಡಿತು?
"ಎಷ್ಟೋ?" ದಲಾಲರ ಬಂಡೆಪ್ಪ ಪೆನ್ನು ಹಿಡಿದು ಕಾದ.
ಮೌಲಪ್ಪ ಎಳೆ ಹಿಡಿದ. ನೋಡಿದ. ನೋಡಿಯೇ ನೋಡಿದ.
ಬೆರಳು ಕಣ್ಣಿಗೆ ಕಾಯುತ್ತಿತ್ತು,
ಕಣ್ಣು ಬೆರಳಿಗೆ.
"ಗೊತ್ತಿಲ್ರಿ" ಎಂದ.
ಆ ಮಾತು ಅವನ ಬಾಯಲ್ಲಿ ಕೇಳಿ ಗೊತ್ತಿರದ ಹಮಾಲರು
ಚೀಲ ಕೆಳಗಿಟ್ಟರು.

ನಾನು ಏನಾದರೂ ಹೇಳಬಹುದಿತ್ತು.
ಸಿದ್ಧಾಂತ ಇತ್ತು, ಎರಡಿದ್ದವು.

ಸಂಜೆ ತೀನ್ ಕಂದೀಲಿನಲ್ಲಿ ಚಹಾ.
"ಮೂರು ಕಂದೀಲು ಅಂತಾರಲ್ಲ, ಯಾವು ಮೇಡಂ?"
ಆರು ವರ್ಷ ದಿನಾ ಹಾದುಹೋದ ಚೌಕ.
ಒಮ್ಮೆಯೂ ನಾನು ಎಣಿಸಿರಲಿಲ್ಲ,
ಹೆಸರು ಕೇಳಿದ್ದೇ ಮೂರು ಉರಿದುಬಿಡುತ್ತಿದ್ದವು ತಲೆಯೊಳಗೆ.
ಅವನೇ ಎಣಿಸತೊಡಗಿದ:
"ಅದೊಂದು, ಕೆಂಪಗ ಓಡ್ತದ." ಆಟೋ.
"ಅದೊಂದು, ನಡುಗ್ತದ." ಪಾನ್ ಅಂಗಡಿಯ ಟ್ಯೂಬ್‌ಲೈಟು.
ಆಮೇಲೆ ಸುಮ್ಮನಾದ.

ಯಂಕಮ್ಮನಿಗೆ ಯಾಕೋ ನಗು ಬಂತು.
ಮೂಗುಬೊಟ್ಟು ಮಿಣುಕಿತು.
ಅವನು ಕೈ ಚಾಚಿದ, ಕಣ್ಣು ಮುಚ್ಚದೆ,
ಬೆರಳು ಈ ಕಡೆಗೂ ಬೀಳಲಿಲ್ಲ, ಆ ಕಡೆಗೂ ಬೀಳಲಿಲ್ಲ,
ನೇರ ಹೋಗಿ ಮೂಗಿಗೇ ತಾಗಿತು.

"ತೆಗಿಯೋ ಕೈ" ಎಂದಳು ಅಕ್ಕ,
"ಎಲ್ಲಾ ಸಕ್ಕರಿ ಅಂಟು."